ಐಸ್ ದಪ್ಪ, ಬಿಲ್ಲೂ ದಪ್ಪ!

ಬೇಸಿಗೆ ಕಾಲಿಟ್ಟರೆ ಸಾಕು, ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಒಂದೇ ದೂರು: "ಫ್ರಿಜ್ಜು ನಿಲ್ಲೋದೇ ಇಲ್ಲ, ಹಗಲೂ ರಾತ್ರಿ ಗುಂಯ್ ಅಂತಿರುತ್ತೆ. ಆದ್ರೂ ನೀರು ತಣ್ಣಗಾಗಲ್ಲ." ಮೆಕ್ಯಾನಿಕ್‌ಗೆ ಹೇಳಿಕಳಿಸುವ ಮುನ್ನ ಗೃಹಸ್ಥರು ಫ್ರಿಜ್ಜು ನಿಂತಿರುವ ಜಾಗವನ್ನೂ ಫ್ರೀಜರಿನಲ್ಲಿ ಬೆಳೆದಿರುವ ಐಸನ್ನೂ ಒಮ್ಮೆ ನೋಡುವುದೊಳಿತು.

ಫ್ರಿಜ್ಜು ಚಳಿ ತಯಾರಿಸುವ ಯಂತ್ರವಲ್ಲ. ಒಳಗಿನ ಶಾಖವನ್ನು ಹೊತ್ತು ತಂದು, ಬೆನ್ನಿಗಿರುವ ಅಥವಾ ಪಕ್ಕದ ತಗಡಿನೊಳಗೆ ಅಡಗಿರುವ ಕೊಳವೆಗಳಿಂದ ಹೊರಗೆ ಚೆಲ್ಲುವುದಷ್ಟೇ ಅದರ ಕೆಲಸ. ಹೊರಗೇ ಕಾದಿದ್ದರೆ ಚೆಲ್ಲುವುದೆಲ್ಲಿಗೆ? ಶೀಟಿನ ಮನೆಯಲ್ಲಿ, ಒಲೆ ಪಕ್ಕ, ಗೋಡೆಗೆ ಒತ್ತಿ ನಿಲ್ಲಿಸಿದ ಫ್ರಿಜ್ಜಿನ ಪಾಡು ಇದೇ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳುಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುವವರೇ ಫ್ರಿಜ್ಜನ್ನು ಮಾತ್ರ ಬಿಸಿಲು ಬೀಳುವ ಮೂಲೆಗೆ ತಳ್ಳಿದರೆ ಯಾರೇನು ಮಾಡಲಾದೀತು!

ಕೊಳ್ಳುವಾಗ ದರ್ಜೆಯ ಗುರುತನ್ನೂ ನೋಡಬೇಕು. 'ಎನ್' ಎಂದಿದ್ದರೆ 32 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಗೆ, 'ಎಸ್‌ಟಿ' 38ರವರೆಗೆ, 'ಟಿ' 43ರವರೆಗೆ.

ಇನ್ನು ಐಸಿನ ವಿಷಯ. ಬಾಗಿಲು ತೆರೆದಾಗ ನುಗ್ಗುವ ಗಾಳಿಯ ತೇವ, ಮುಚ್ಚಳವಿಲ್ಲದ ಸಾರಿನ ಹಬೆ, ಎಲ್ಲ ಫ್ರೀಜರಿನ ಗೋಡೆಯಲ್ಲಿ ಹೆಪ್ಪುಗಟ್ಟುತ್ತವೆ. "ಐಸ್ ಜಾಸ್ತಿ ಇದ್ರೆ ತಂಪು ಜಾಸ್ತಿ" ಎಂಬುದು ಶುದ್ಧ ತಪ್ಪು ತಿಳಿವಳಿಕೆ. ಆ ಪದರ ಕಂಬಳಿಯಂತೆ, ಶಾಖ ಕೊಳವೆ ತಲುಪದ ಹಾಗೆ ತಡೆಯುತ್ತದೆ. ಕಂಪ್ರೆಸರ್ ಓಡಿದ್ದೇ ಓಡಿದ್ದು, ಹಿಂದೆಯೇ ಮೀಟರು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ "ಕರೆಂಟು ಫ್ರೀ ಅಲ್ವಾ" ಎನ್ನುವವರುಂಟು. ಆದರೆ 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ. 10 ಸೇರಿಸಿದಷ್ಟೇ ಉಚಿತ. ಮೀರಿದ್ದಕ್ಕೆ ದುಡ್ಡು. 200 ಯೂನಿಟ್ ದಾಟಿತೋ, ಇಡೀ ಬಿಲ್ಲು ತಲೆ ಮೇಲೆ.

ಐಸು ಅರ್ಧ ಸೆಂಟಿಮೀಟರ್ ಆಗುತ್ತಲೇ ಇಳಿಸಿಬಿಡಬೇಕು. ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಡಿಫ್ರಾಸ್ಟ್ ಗುಂಡಿ ಒತ್ತಿದರಾಯ್ತು, ಇಲ್ಲವೇ ಸ್ವಿಚ್ ಆರಿಸಿ, ಬಾಗಿಲು ತೆರೆದು, ಬಿಸಿನೀರಿನ ಬೋಗುಣಿ ಇಡಬಹುದು. ಚಾಕು ಹಾಕಿ ಕೆರೆದರೆ ಮಾತ್ರ ಕೆಟ್ಟಿತು: ಕೊಳವೆ ತೂತಾದರೆ ಗ್ಯಾಸು ಹೋಗುತ್ತದೆ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಐಸೊಬ್ಯುಟೇನ್ ಬೆಂಕಿ ಹತ್ತಿಕೊಳ್ಳುವಂಥದ್ದು. ಫ್ರಾಸ್ಟ್-ಫ್ರೀ ಮಾದರಿಗಳಲ್ಲಿ ಒಳಗಿನ ಹೀಟರೇ ಐಸು ಕರಗಿಸುತ್ತದೆ. ಅದಕ್ಕೂ ಒಂದಿಷ್ಟು ಕರೆಂಟು ಬೇಕೆನ್ನಿ.

ಚಿಕ್ಕಬಳ್ಳಾಪುರದ ಅಂಗಡಿಯವರ ಡೀಪ್ ಫ್ರೀಜರಿಗೂ ಇದೇ ನ್ಯಾಯ. ಕಮರ್ಷಿಯಲ್ ಮೀಟರಿಗೆ ಗೃಹಜ್ಯೋತಿಯೂ ಇಲ್ಲ. ಐಸ್‌ಕ್ರೀಮಿಗೆ ಮೈನಸ್ 18 ಡಿಗ್ರಿ ಬೇಕು, ಪೆಟ್ಟಿಗೆ ಮಾತ್ರ ಮುಂಗಟ್ಟಿನ ಬಿಸಿಲಲ್ಲಿ! ದಾಸ್ತಾನು ಮುಗಿದ ದಿನ, ಹೊಸ ಲೋಡು ಬರುವ ಮುನ್ನ ಐಸು ಇಳಿಸಿಕೊಂಡರೆ ವಾಸಿ. ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮ್ ಬಾಯಲ್ಲಿ ಹರಳು ಹರಳಾಗಿ ಸಿಗುತ್ತದೆ, ಗಿರಾಕಿ ಒಂದು ಚಮಚಕ್ಕೇ ಕಂಡುಹಿಡಿಯುತ್ತಾನೆ.