ಹಬ್ಬದ ದಿನ ಅಂಗಡಿ ತೆಗೆದಿರಲಿ ಸರಿ, ಒಳಗೆ ನಿಂತಿರೋದು ಯಾರು?

ಯುಗಾದಿ ದಿನ ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲನ್ನು ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಂದು ಸಲ ನೋಡಿ. ಮಾಮೂಲಿ ದಿನದ ನೂಕುನುಗ್ಗಲು ಇರಲ್ಲ. ಬ್ಯಾಂಕಿನವರಿಲ್ಲ, ಸರ್ಕಾರಿ ಕಚೇರಿಯವರಿಲ್ಲ, ಲ್ಯಾಪ್‌ಟಾಪ್ ಬ್ಯಾಗಿನವರೂ ಇಲ್ಲ. ಹಾಗಂತ ರೈಲು ಖಾಲಿಯೂ ಅಲ್ಲ. ದುಪಟ್ಟಾ ಒಳಗೆ ಅಂಗಡಿಯ ಹೆಸರಿರುವ ಟೀ ಶರ್ಟು ಹಾಕಿಕೊಂಡ ಹುಡುಗಿಯರು, ನೀಲಿ ಪ್ಯಾಂಟಿನ ಸೆಕ್ಯೂರಿಟಿ ಅಣ್ಣಂದಿರು, ಮಾಲ್‌ಗಳಲ್ಲಿ ನೆಲ ಒರೆಸುವ ಅಕ್ಕಂದಿರು ಕೂತಿರುತ್ತಾರೆ. ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿರುತ್ತಾರೆ, ಡಬ್ಬಿಯಲ್ಲಿ ಒಬ್ಬಟ್ಟು ಇರುತ್ತೆ. ಮನೆಯವರು ಎಲೆ ಹಾಕಿ ಕೂರುವ ಹೊತ್ತಿಗೆ ಇವರು ಬೆಂಗಳೂರಿನ ಯಾವುದೋ ಶೋರೂಮಿನಲ್ಲಿ 'ವೆಲ್‌ಕಂ ಸರ್' ಅಂತಿರುತ್ತಾರೆ.

ಇಷ್ಟೊಂದು ಜನ ದಿನಾ ರೈಲು ಹತ್ತೋದು ಯಾಕೆ ಅನ್ನೋದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿಯಿತು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಲ್ಲಿಂದಾಚೆ ಚಾಂಪಿಯನ್ ರೀಫ್ಸ್, ಊರ್ಗಾಂ, ಆಂಡರ್ಸನ್‌ಪೇಟೆ ಮಕ್ಕಳಿಗೆ ಕೆಲಸ ಅಂದರೆ ಬೆಂಗಳೂರು, ಬೆಂಗಳೂರು ಅಂದರೆ ರೈಲು. ತಾತ ಗಣಿಗೆ ಇಳಿದ, ಮೊಮ್ಮಗಳು ಮಾಲ್‌ನ ಎಸ್ಕಲೇಟರ್ ಹತ್ತುತ್ತಾಳೆ. ಗಣಿಯಲ್ಲೂ ಹಬ್ಬದ ದಿನ ಕೆಲಸ ಪೂರ್ತಿ ನಿಲ್ಲುವಂತಿರಲಿಲ್ಲ. ಕೆಳಗೆ ಊರುವ ನೀರಿಗೆ ಯುಗಾದಿ, ಕ್ರಿಸ್‌ಮಸ್ ಗೊತ್ತಿಲ್ಲ, ಪಂಪು ಓಡಲೇಬೇಕು. ಆದರೆ ಪಂಪು ನಿಂತರೆ ಗಣಿ ಮುಳುಗುತ್ತೆ. ಒಂದು ದಿನ ಜೀನ್ಸ್ ಪ್ಯಾಂಟ್ ಮಾರದಿದ್ದರೆ ಏನು ಮುಳುಗುತ್ತೆ?

ಪ್ರಶ್ನೆ ಇಷ್ಟು ಸರಳವಾಗಿದ್ದಿದ್ದರೆ ಚೆನ್ನಾಗಿತ್ತು.

ಹಬ್ಬವೇ ಹೊಟ್ಟೆಪಾಡು ಆದವರು

ಬಂಗಾರಪೇಟೆ ಬಜಾರಿನಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಹಬ್ಬದ ಹಿಂದಿನ ರಾತ್ರಿ, ಹಬ್ಬದ ಬೆಳಗ್ಗೆ ಸುತ್ತಾಡಿ. ಮಾವಿನ ಸೊಪ್ಪು, ಬೇವು, ಬಾಳೆ ಕಂದು, ಸೇವಂತಿಗೆ, ಕಬ್ಬು, ಗೌರಿಗೆ ಬಳೆ, ಗಣೇಶನಿಗೆ ಗರಿಕೆ, ಎಲ್ಲವೂ ರಸ್ತೆ ಬದಿಯಲ್ಲೇ. ಸುತ್ತಲ ಹಳ್ಳಿಗಳಿಂದ ಮೂಟೆ ಹೊತ್ತು ಬಂದ ಇವರಿಗೆ 'ಇವತ್ತು ಹಬ್ಬ ಅಲ್ವಾ, ಅಂಗಡಿ ಮುಚ್ಚಿ' ಅಂದರೆ ನಗುತ್ತಾರೆ. ಸೇವಂತಿಗೆ ನಾಳೆಗೆ ಬಾಡುತ್ತೆ, ಬಾಳೆ ಕಂದನ್ನು ನಾಡಿದ್ದು ಯಾರೂ ಕೇಳಲ್ಲ. ವರ್ಷದ ಗಳಿಕೆಯ ದೊಡ್ಡ ಭಾಗ ಬರೋದೇ ಇಂಥ ಏಳೆಂಟು ದಿನಗಳಲ್ಲಿ. ಆಮೇಲೆ ಮನೆಗೆ ಹೋಗಿ ಮಧ್ಯಾಹ್ನ ಮೂರು ಗಂಟೆಗೆ ಪೂಜೆ ಮಾಡಿದರೂ ದೇವರು ಬೇಡ ಅನ್ನಲ್ಲ.

ಪಾನಿಪುರಿಯ ವಿಷಯವನ್ನಂತೂ ಕೇಳಲೇಬೇಡಿ. ಬಂಗಾರಪೇಟೆಯ ತಿಳಿನೀರಿನ ಪಾನಿಪುರಿ ಈಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಬೋರ್ಡು ಹಾಕಿಕೊಂಡಿದೆ. ಮಧ್ಯಾಹ್ನವೆಲ್ಲ ಹೋಳಿಗೆ, ಪಾಯಸ ತಿಂದ ನಾಲಿಗೆ ಸಂಜೆಗೆ ಖಾರ ಕೇಳುತ್ತೆ. ಬೆಳಗ್ಗೆಯಿಂದ ಒಲೆ ಮುಂದೆ ನಿಂತ ಅಮ್ಮನಿಗೆ ರಾತ್ರಿ ಮತ್ತೆ ಅಡುಗೆ ಮಾಡುವ ತ್ರಾಣ ಇರಲ್ಲ. ಹಬ್ಬದ ಸಂಜೆ ಚಾಟ್ಸ್ ಅಂಗಡಿ ತೆಗೆದಿರೋದು ಅಂದರೆ ನಮ್ಮ ಮನೆಗಳ ಹೆಂಗಸರಿಗೆ ಸಿಗುವ ಅರ್ಧ ದಿನದ ರಜೆ.

ಕಿರಾಣಿ ಅಂಗಡಿಗಳದ್ದೂ ಹೀಗೇ. ಅಂಗಡಿಯ ಹಿಂದೆಯೇ ಮನೆ. ಪೂಜೆ ಮುಗಿಸಿ ಅರ್ಧ ಷಟರ್ ಎತ್ತಿರುತ್ತಾರೆ. 'ಅಣ್ಣಾ, ಒಂದು ಅಚ್ಚು ಬೆಲ್ಲ ಕೊಡಣ್ಣಾ' ಅಂದರೆ ಒಳಗಿನಿಂದ ಪಂಚೆ ಸರಿಮಾಡಿಕೊಂಡು ಬಂದು ಕೊಡುತ್ತಾರೆ. ಬೇಕಾದಾಗ ತೆಗೆದರು, ಬೇಡ ಅನ್ನಿಸಿದಾಗ ಹಾಕಿದರು. ಅಂಗಡಿ ಅವರದ್ದು, ದಿನವೂ ಅವರದ್ದು. ಅದನ್ನು ಕಾನೂನು ತಂದು ಮುಚ್ಚಿಸಿ ಅನ್ನುವವರ ಜೊತೆ ನಾನಿಲ್ಲ.

ಆದರೆ ರೈಲಿನಲ್ಲಿ ಹೋದ ಆ ಹುಡುಗಿಯ ದಿನ ಅವಳದ್ದಲ್ಲ. ವ್ಯತ್ಯಾಸ ಇರೋದು ಇಲ್ಲಿ. 'ಹಬ್ಬದ ದಿನ ಅಂಗಡಿ ತೆಗೀಬೇಕಾ, ಬೇಡ್ವಾ' ಅಂತ ವಾದ ಮಾಡುವಾಗ ನಾವು ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿಬಿಡುತ್ತೇವೆ.

ಕಾನೂನು ಇದೆ, ಹೇಳಿದವರು ಯಾರೂ ಇಲ್ಲ

ನಮ್ಮ ದೂರದ ಸಂಬಂಧಿಯೊಬ್ಬಳು ನಾಲ್ಕು ವರ್ಷ ಒಂದು ದೊಡ್ಡ ಬಟ್ಟೆ ಮಳಿಗೆಯಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದಳು. ಮಳಿಗೆಯ ಹೆಸರು ಬೇಡ, ಹೆಚ್ಚು ಕಡಿಮೆ ಎಲ್ಲ ಕಡೆ ಇದೇ ಕಥೆ. ದಸರಾದಿಂದ ದೀಪಾವಳಿವರೆಗೆ 'ನೋ ಲೀವ್' ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬರುತ್ತಿತ್ತು. ಆಯುಧಪೂಜೆ ದಿನ ಸಂಜೆ ಒಂದು ಪೊಟ್ಟಣ ಪುರಿ, ಒಂದು ಸ್ವೀಟ್ ಬಾಕ್ಸ್. ಸಂಬಳದ ಚೀಟಿಯಲ್ಲಿ ಆ ದಿನಕ್ಕೆ ಬೇರೆ ಏನೂ ಇಲ್ಲ. 'ಕೇಳಲಿಲ್ವೇನೆ?' ಅಂದರೆ, 'ಏನಂತ ಕೇಳ್ಲಿ ಅಕ್ಕ, ಹಬ್ಬಕ್ಕೆ ಎಕ್ಸ್‌ಟ್ರಾ ಕೊಡ್ತಾರೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ' ಅಂದಳು.

ಗೊತ್ತಿರಬೇಕಾದದ್ದು ಇದು. ಕರ್ನಾಟಕದಲ್ಲಿ 1963ರಿಂದಲೇ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಹೆಸರಿನಲ್ಲಿ 'ಕೈಗಾರಿಕಾ ಸಂಸ್ಥೆ' ಅಂತಿದ್ದರೂ ಅಂಗಡಿ ಮುಂಗಟ್ಟುಗಳಿಗೂ ಅನ್ವಯಿಸುತ್ತೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಸಂಬಳಸಹಿತ ರಜೆ. ಇವುಗಳ ಜೊತೆಗೆ ಇನ್ನೂ ಐದು ಹಬ್ಬದ ರಜೆ. ಆ ದಿನ ಕೆಲಸಕ್ಕೆ ಕರೆಯಬಾರದು ಅಂತೇನಿಲ್ಲ. ಕರೆದರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಇನ್ನೊಂದು ದಿನ ಸಂಬಳಸಹಿತ ರಜೆ ಕೊಡಬೇಕು.

ಲೆಕ್ಕ ಹಾಕೋಣ. ತಿಂಗಳಿಗೆ 15,600 ರೂಪಾಯಿ ಸಂಬಳ ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಹಬ್ಬದ ದಿನ ನಿಂತರೆ 1,200 ಆಗಬೇಕು, ಅಂದರೆ ತಿಂಗಳ ಸಂಬಳದ ಮೇಲೆ 600 ಜಾಸ್ತಿ. ಹತ್ತೂ ದಿನ ದುಡಿದಿದ್ದರೆ ವರ್ಷಕ್ಕೆ 6,000. ನಾಲ್ಕು ವರ್ಷಕ್ಕೆ 24,000. ಅದು ಆ ಹುಡುಗಿಗೆ ಸಿಗಬೇಕಿದ್ದ ದುಡ್ಡು. ಸಿಕ್ಕಿದ್ದು ಪುರಿ ಪೊಟ್ಟಣ.

ಇದಲ್ಲದೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಇದೆ. ವಾರಕ್ಕೊಂದು ದಿನ ರಜೆ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ಓವರ್‌ಟೈಮಿಗೆ ದುಪ್ಪಟ್ಟು. 2021ರ ಜನವರಿಯಲ್ಲಿ ಸರ್ಕಾರ, 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ವರ್ಷದ ಎಲ್ಲ ದಿನ, ದಿನದ 24 ಗಂಟೆಯೂ ತೆರೆದಿರಬಹುದು ಅಂತ ಮೂರು ವರ್ಷಕ್ಕೆ ಅನುಮತಿ ಕೊಟ್ಟಿತು. ಆಗ ಸುದ್ದಿಯಾದದ್ದು '24 ಗಂಟೆ ಅಂಗಡಿ' ಅನ್ನೋದು ಮಾತ್ರ. ಷರತ್ತುಗಳು ಸುದ್ದಿಯಾಗಲಿಲ್ಲ. ಸರದಿ ಮೇಲೆ ವಾರದ ರಜೆ ಕೊಡಲು ಹೆಚ್ಚುವರಿ ಜನ ಇಟ್ಟುಕೊಳ್ಳಬೇಕು. ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ಅವರ ಲಿಖಿತ ಒಪ್ಪಿಗೆ ಇಲ್ಲದೆ ನಿಲ್ಲಿಸಿಕೊಳ್ಳಬಾರದು. ರಜೆ ದಿನ ದುಡಿಸಿ ಓವರ್‌ಟೈಮ್ ತೋರಿಸದಿದ್ದರೆ ಮಾಲೀಕರ ಮೇಲೆ ಕ್ರಮ. ಇವೆಲ್ಲ ಆದೇಶದಲ್ಲೇ ಇದ್ದ ಮಾತುಗಳು. ಅಂಗಡಿಗೆ 365 ದಿನ ಸಿಕ್ಕಿತು, ಕೆಲಸದವರಿಗೆ ಅಲ್ಲ ಅನ್ನೋದು ಅದರ ಅರ್ಥ.

ಹಾಗಾದರೆ ಯಾಕೆ ಸಿಗಲ್ಲ? ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಳಿಗೆಯಲ್ಲಿ ನಿಂತವರಲ್ಲಿ ಎಷ್ಟೋ ಜನ ಆ ಮಳಿಗೆಯ ನೌಕರರೇ ಅಲ್ಲ. ಯಾವುದೋ ಏಜೆನ್ಸಿ ಕಳಿಸಿದವರು, ಇಲ್ಲಾ ಯಾವುದೋ ಬ್ರ್ಯಾಂಡಿನ ಪ್ರಮೋಟರ್‌ಗಳು. ಕೇಳಿದರೆ ಮಳಿಗೆಯವರು ಏಜೆನ್ಸಿ ಕಡೆ, ಏಜೆನ್ಸಿಯವರು ಮಳಿಗೆ ಕಡೆ ಕೈ ತೋರಿಸುತ್ತಾರೆ. ಜೋರಾಗಿ ಕೇಳಿದರೆ ಮುಂದಿನ ತಿಂಗಳು ರೋಸ್ಟರಿನಲ್ಲಿ ಹೆಸರೇ ಇರಲ್ಲ.

ನಿಂತುಕೊಂಡೇ ಇರುವ ಕಷ್ಟ ಬೇರೆ. ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದವು. ಕೂರೋದಕ್ಕೂ ಕಾನೂನು ಬೇಕಾಯ್ತು ನೋಡಿ.

ದೊಡ್ಡದಕ್ಕೆ ಒಂದು, ಚಿಕ್ಕದಕ್ಕೆ ಒಂದು

ಕೆಜಿಎಫನ್ನು ಒಂದು ಕಾಲದಲ್ಲಿ 'ಲಿಟ್ಲ್ ಇಂಗ್ಲೆಂಡ್' ಅನ್ನುತ್ತಿದ್ದರು. ಆ ದೊಡ್ಡ ಇಂಗ್ಲೆಂಡಿನಲ್ಲಿ 2004ರಲ್ಲಿ ಒಂದು ಕಾಯ್ದೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ಬಾಗಿಲು ತೆರೆಯುವಂತಿಲ್ಲ. ಚಿಕ್ಕ ಅಂಗಡಿಗಳು ಬೇಕಾದರೆ ತೆರೆಯಬಹುದು. ಹಾಲು, ಬ್ರೆಡ್ಡು ಬೇಕಾದವರಿಗೆ ಮೂಲೆ ಅಂಗಡಿ ಇದೆ, ಸೂಪರ್ ಮಾರ್ಕೆಟ್ಟಿನ ನೂರಾರು ಜನ ಮನೆಯಲ್ಲಿದ್ದಾರೆ. ಅಮೆರಿಕದಲ್ಲಿ ಕಾನೂನಿನ ಒತ್ತಾಯವಿಲ್ಲದೆಯೇ ಟಾರ್ಗೆಟ್ ಎಂಬ ದೊಡ್ಡ ಮಳಿಗೆ ಸರಣಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇನ್ನು ಮುಂದೆ ಖಾಯಂ ಆಗಿ ಮುಚ್ಚುತ್ತೇವೆ ಅಂತ 2021ರಲ್ಲಿ ಹೇಳಿತು.

ನಮ್ಮಲ್ಲೂ ಸರ್ಕಾರ ಮನಸ್ಸು ಮಾಡಿದರೆ ಮುಚ್ಚಿಸೋದು ಹೊಸದಲ್ಲ. ಗಾಂಧಿ ಜಯಂತಿಯಂದು ಮದ್ಯದಂಗಡಿ ಮುಚ್ಚುತ್ತವೆ, ಬೆಂಗಳೂರಿನಲ್ಲಿ ಮಾಂಸದಂಗಡಿಗಳೂ ಮುಚ್ಚುತ್ತವೆ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. 2024ರ ಏಪ್ರಿಲ್ 26ರಂದು ಕೋಲಾರಕ್ಕೂ ಬೆಂಗಳೂರಿಗೂ ಒಂದೇ ದಿನ ಮತದಾನ ಇತ್ತು. ವೋಟಿಗಾಗಿ ಒಂದು ದಿನ ಬಿಡಬಹುದಾದರೆ, ವರ್ಷಕ್ಕೊಮ್ಮೆ ಮನೆಯವರ ಜೊತೆ ಕೂತು ಊಟ ಮಾಡಲು ಬಿಡಕ್ಕಾಗಲ್ವಾ?

ಆದರೆ ಯಾವ ಹಬ್ಬಕ್ಕೆ ಬಿಡೋದು? ಇಂಗ್ಲೆಂಡಿನಷ್ಟು ಸುಲಭ ಅಲ್ಲ ನಮ್ಮದು. ಇದಕ್ಕೆ ಉತ್ತರ ಬೇಕಾದರೆ ಕೆಜಿಎಫ್‌ಗೇ ಬರಬೇಕು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ಒಬ್ಬರಿಗೆ ಯುಗಾದಿ, ಒಬ್ಬರಿಗೆ ಪೊಂಗಲ್, ಒಬ್ಬರಿಗೆ ಕ್ರಿಸ್‌ಮಸ್, ಒಬ್ಬರಿಗೆ ರಂಜಾನ್. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಇಲ್ಲಿನ ಎಷ್ಟೋ ಮನೆಗಳಿಗೆ ಎಲ್ಲಕ್ಕಿಂತ ದೊಡ್ಡ ಹಬ್ಬ. ಎಲ್ಲರಿಗೂ ಒಂದೇ ದಿನ ಬೀಗ ಹಾಕಿಸಿದರೆ ಯಾರದೋ ಹಬ್ಬಕ್ಕೆ ಇನ್ಯಾರೋ ಮನೆಯಲ್ಲಿ ಸುಮ್ಮನೆ ಕೂರಬೇಕು, ತಮ್ಮ ಹಬ್ಬಕ್ಕೆ ಕೆಲಸಕ್ಕೆ ಹೋಗಬೇಕು. ಅದರ ಬದಲು ಸರದಿ ಹಾಕಿಕೊಳ್ಳಬಹುದು. ಮೇರಿ ಯುಗಾದಿಗೆ ಕೌಂಟರ್ ನೋಡಿಕೊಂಡರೆ ಲಕ್ಷ್ಮಿ ಕ್ರಿಸ್‌ಮಸ್‌ಗೆ ನೋಡಿಕೊಳ್ಳಲಿ. ಎಲ್ಲೋ ಕೆಲವು ಕಡೆ ಹುಡುಗಿಯರು ತಾವೇ ಹೀಗೆ ಹೊಂದಿಸಿಕೊಳ್ಳುತ್ತಾರೆ. ಮ್ಯಾನೇಜರ್ ಒಳ್ಳೆಯವನಾಗಿದ್ದರೆ ನಡೆಯುತ್ತೆ, ಇಲ್ಲದಿದ್ದರೆ ಇಲ್ಲ. ಅದೃಷ್ಟದ ಮೇಲೆ ಬಿಡುವ ಬದಲು ರೋಸ್ಟರಿನ ನಿಯಮವೇ ಹೀಗಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಹಬ್ಬಕ್ಕೆ ಕೆಲಸ ಬೇಕು ಅನ್ನುವವರೂ ಇದ್ದಾರೆ. ಫೀಸು ಕಟ್ಟಬೇಕಾದ ವಿದ್ಯಾರ್ಥಿಗಳು, ಮನೆಯಲ್ಲಿ ಹಬ್ಬ ಮಾಡುವವರು ಯಾರೂ ಉಳಿದಿಲ್ಲದವರು, ಹಬ್ಬ ಅಂದರೆ ಬೆಳಗಿನ ಜಾವ ಮೂರಕ್ಕೆ ಎದ್ದು ಇಪ್ಪತ್ತು ಜನಕ್ಕೆ ಬೇಯಿಸಬೇಕಾದ ಸೊಸೆಯರು. ಈ ಕೊನೆಯವರಿಗೆ ಕೌಂಟರೇ ವಾಸಿ ಅನ್ನಿಸಿದರೆ ತಪ್ಪೇನಿಲ್ಲ. ಎರಡು ಪಟ್ಟು ಕೂಲಿ ನಿಜವಾಗಿ ಕೈಗೆ ಬಂದರೆ ಸ್ವಂತ ಇಚ್ಛೆಯಿಂದ ಬರುವವರು ಸಿಕ್ಕೇ ಸಿಗುತ್ತಾರೆ. ಸಿಗದಿದ್ದರೆ ಆ ದಿನ ಅಂಗಡಿ ತೆಗೆಯುವಷ್ಟು ಲಾಭ ಇಲ್ಲ ಅಂತ ಮಾಲೀಕರಿಗೇ ಅರ್ಥ ಆಗುತ್ತೆ.

ನಮ್ಮ ಫೋನಿನಲ್ಲಿರುವ ಅಂಗಡಿ

ಈಗ ನಮ್ಮ ವಿಷಯ. ಹಬ್ಬದ ದಿನ ಒಗ್ಗರಣೆಗೆ ಸಾಸಿವೆ ಇಲ್ಲ ಅಂತ ಗೊತ್ತಾದ ತಕ್ಷಣ ಕೈ ಹೋಗೋದು ಫೋನಿಗೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತೆ. ತಂದ ಹುಡುಗನ ಹಿಂದೆ ಒಂದು ಗೋದಾಮು, ಅದರಲ್ಲಿ ಓಡಾಡಿ ಸಾಮಾನು ಎತ್ತಿಕೊಡುವ ಹತ್ತು ಜನ. ಷಟರ್ ಇಲ್ಲದ ಅಂಗಡಿ ಅದು, ಹಾಗಾಗಿ ತೆಗೆದಿದ್ದು ಕಾಣಲ್ಲ, ಮುಚ್ಚಿದ್ದೂ ಕಾಣಲ್ಲ. ಗಿಗ್ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿತು. ಅದು ಮುಖ್ಯವಾಗಿ ಕಲ್ಯಾಣ ನಿಧಿ ಮತ್ತು ಸಾಮಾಜಿಕ ಭದ್ರತೆಗೆ ಸಂಬಂಧಿಸಿದ್ದು. ಡೆಲಿವರಿ ಹುಡುಗರಿಗೆ ಹಬ್ಬ ಅಂದರೆ ರಜೆಯಲ್ಲ, ಆರ್ಡರ್ ಜಾಸ್ತಿ ಇರುವ ದಿನ.

ಬೇಡವೇ ಬೇಡ ಅನ್ನುತ್ತಿಲ್ಲ. ಔಷಧಿ ಬೇಕು, ಮಗುವಿಗೆ ಹಾಲಿನ ಪುಡಿ ಬೇಕು, ಅದಕ್ಕೆ ಹಬ್ಬ ಹುಣ್ಣಿಮೆ ನೋಡಕ್ಕಾಗಲ್ಲ. ಆದರೆ ಸೋಫಾ ಕವರು, ಫೋನ್ ಕೇಸು, 'ಫೆಸ್ಟಿವಲ್ ಸೇಲ್' ಕುರ್ತಾ, ಇವು ಒಂದು ದಿನ ಕಾಯಬಹುದು. ಮಾಲೀಕರು ಹಬ್ಬದ ದಿನ ಬಾಗಿಲು ತೆಗೆಯೋದು ನಾವು ಬರುತ್ತೇವೆ ಅಂತಲೇ. ಹಬ್ಬದ ಮಧ್ಯಾಹ್ನ ಊಟ ಮುಗಿಸಿ 'ಬೋರು, ಮಾಲ್‌ಗೆ ಹೋಗೋಣ' ಅನ್ನುವ ರೂಢಿ ಶುರುವಾಗಿ ಇಪ್ಪತ್ತು ವರ್ಷ ಆಗಿರಬಹುದು ಅಷ್ಟೆ. ಮಾಲ್ ಬರುವ ಮುಂಚೆ ನಾವು ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆವು.

ಓದುತ್ತಿರುವ ನೀವೇ ಸ್ಟೋರ್ ಮ್ಯಾನೇಜರೋ ಎಚ್‌ಆರೋ ಆಗಿದ್ದರೆ ಒಂದು ಕೆಲಸ ಮಾಡಬಹುದು. ವರ್ಷದ ಐದು ಹಬ್ಬದ ರಜೆಗಳ ಪಟ್ಟಿಯನ್ನು ಕೆಲಸದವರನ್ನು ಕೇಳಿ ತಯಾರಿಸಿ, ಊಟದ ಕೋಣೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಕೆಳಗೆ 'ಈ ದಿನ ಬಂದರೆ ದುಪ್ಪಟ್ಟು ಕೂಲಿ ಅಥವಾ ಬದಲಿ ರಜೆ' ಅಂತ ಒಂದು ಸಾಲು ಬರೆಯಿರಿ. ಕೌಂಟರಿನ ಆ ಕಡೆ ನಿಂತವರು ನೀವಾಗಿದ್ದರೆ, ಹಬ್ಬದ ತಿಂಗಳ ಸಂಬಳದ ಚೀಟಿ ಬಂದ ದಿನ ಬಂದ ದಿನಗಳನ್ನೂ ದುಡ್ಡನ್ನೂ ಕೂತು ತಾಳೆ ನೋಡಿ. ಸರಿ ಇಲ್ಲದಿದ್ದರೆ ಒಬ್ಬರೇ ಹೋಗಿ ಕೇಳಬೇಡಿ, ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೇಳಿ. ಅದಕ್ಕೂ ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರ ಕಚೇರಿ ಇದೆ. ರೋಸ್ಟರಿನ ಫೋಟೋ, ಪಂಚಿಂಗ್ ದಾಖಲೆ, 'ನೋ ಲೀವ್' ಅಂತ ಬಂದ ಆ ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್, ಮೂರನ್ನೂ ಇಟ್ಟುಕೊಂಡು ಹೋಗಿ.