ಉಗ್ರಪಂಥವೂ ನಮ್ಮ ಶಾಲೆಗಳೂ

‘ಉಗ್ರ’ ಎಂಬುದು ನಮ್ಮ ಭಾಷೆಯಲ್ಲಿ ಹಳೆಯ ಮಾತು. ಉಗ್ರನರಸಿಂಹನೆನ್ನುತ್ತೇವೆ, ಉಗ್ರತಪಸ್ಸೆನ್ನುತ್ತೇವೆ, ಅಲ್ಲೆಲ್ಲ ಅದಕ್ಕೆ ದೋಷದ ಅರ್ಥವಿಲ್ಲ. ಒಂದು ಮತವನ್ನು ಗಾಢವಾಗಿ ನಂಬುವುದು ಬೇರೆ. ಅದನ್ನು ನಂಬದವನಿಗೆ ಬದುಕುವ ಹಕ್ಕೇ ಇಲ್ಲವೆನ್ನುವುದು ಬೇರೆ. ಈ ಎರಡನೆಯದೇ ಉಗ್ರಪಂಥ. ಎಳೆಯರು ಮೊದಲನೆಯದರಿಂದ ಎರಡನೆಯದಕ್ಕೆ ಜಾರದಂತೆ ಶಾಲೆ ಏನು ಮಾಡಬಲ್ಲುದು ಎಂಬುದು ಇಲ್ಲಿಯ ವಿಚಾರ.

ಇದು ದೂರದೇಶದ ಸುದ್ದಿಯಲ್ಲ. ನಮ್ಮ ನಾವುಂದದಲ್ಲಿ ನಿಂತರೆ ಪಡುವಲಲ್ಲಿ ಕಡಲು, ಮೂಡಲಲ್ಲಿ ಘಟ್ಟ. ಆ ಘಟ್ಟದ ತಪ್ಪಲಿನ ಹಳ್ಳಿಗಳ ಮೇಲೆ ಎರಡು ದಶಕಗಳಷ್ಟು ಕಾಲ ನಕ್ಸಲೀಯ ಚಳವಳಿಯ ನೆರಳು ಬಿದ್ದಿತ್ತು. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಹೊರಟಾಗ ಕಾಡಿನೊಳಗಿನ ಕುಟುಂಬಗಳಿಗೆ ನೆಲೆ ತಪ್ಪುವ ಭಯ ಹಿಡಿಯಿತು. ಭಯ ನಿಜವಾದುದೇ. ಅದಕ್ಕೆ ಬಂದೂಕೇ ಉತ್ತರವೆಂದು ಹೇಳಿಕೊಟ್ಟವರ ಹಿಂದೆ ಕೆಲವು ತರುಣ ತರುಣಿಯರು ಕಾಡು ಸೇರಿದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2008ರ ಮೇ ತಿಂಗಳಲ್ಲಿ ಹೆಬ್ರಿಯ ಬಳಿಯ ಸೀತಾನದಿಯಲ್ಲಿ ನಕ್ಸಲರು ಒಬ್ಬ ಶಾಲಾ ಶಿಕ್ಷಕರನ್ನು ಪೊಲೀಸರ ಮಾಹಿತಿದಾರರೆಂಬ ಶಂಕೆಯಿಂದ ಕೊಂದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ಶರಣಾದರು. ಫೆಬ್ರವರಿ 2ರಂದು ಕುಂದಾಪುರ ತಾಲೂಕಿನ ತೊಂಬಟ್ಟಿನ ಮಹಿಳೆಯೊಬ್ಬರು ಉಡುಪಿಯಲ್ಲಿ ಶರಣಾದರು. ಪ್ರಾಯದ ವರ್ಷಗಳು ಮಾತ್ರ ಕಾಡಿನಲ್ಲೇ ಕಳೆದುಹೋಗಿದ್ದವು.

ಇಂಥ ಬೀಜ ಮೊಳೆಯಲು ಮೂರು ಸಂಗತಿಗಳು ಕೂಡಬೇಕು: ಮನಸ್ಸಿನಲ್ಲೊಂದು ಕುದಿ, ಕೇಳುವವರಿಲ್ಲವೆಂಬ ಒಂಟಿತನ, ಸಿದ್ಧ ಉತ್ತರ ಹಿಡಿದು ಕಾದಿರುವ ಒಬ್ಬ ಹಿರಿಯ. ಇಂದು ಆ ಹಿರಿಯನನ್ನು ಕಾಡಿನಲ್ಲಿ ಹುಡುಕಬೇಕಾಗಿಲ್ಲ. ಮೊಬೈಲಿನಲ್ಲಿ ಅವನೇ ಮನೆಯೊಳಕ್ಕೆ ಬರುತ್ತಾನೆ. ಅವನ ಬಣ್ಣ ಯಾವುದೇ ಇರಲಿ, ಪಾಠ ಒಂದೇ: ‘ನಾವು ಒಳ್ಳೆಯವರು, ಅವರು ಕೆಟ್ಟವರು.’

ಶಾಲೆಯ ಮೊದಲ ಕರ್ತವ್ಯವೆಂದರೆ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ರ ವಯಸ್ಸಿಗೆ ಮಾತ್ರ ಅನ್ವಯಿಸುತ್ತದೆ. ಬುದ್ಧಿ ಪ್ರಶ್ನೆ ಕೇಳತೊಡಗುವ ಪ್ರಾಯಕ್ಕೇ ಆ ಹಕ್ಕು ಮುಗಿಯುತ್ತದೆ. ಎಂಟನೆಯ ತರಗತಿಯ ಬಳಿಕ ಹೈಸ್ಕೂಲು ದೂರವೆಂದು ಮನೆಯಲ್ಲಿ ಉಳಿದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವ ಮುನ್ನ ಅವನ ಮನೆಯ ಮೆಟ್ಟಿಲು ಹತ್ತುವುದು ಉಚಿತ.

ಎರಡನೆಯದು, ಪ್ರಶ್ನೆಗೆ ತರಗತಿಯಲ್ಲೇ ಎಡೆಗೊಡುವುದು. ಇದಕ್ಕೆ ನಮ್ಮ ತಾಳಮದ್ದಲೆಗಿಂತ ಉತ್ತಮ ಮಾದರಿ ಬೇಕೆ? ‘ವಾಲಿವಧೆ’ಯಲ್ಲಿ ನೆಲಕ್ಕೊರಗಿದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ, ರಾಮಭಕ್ತರೇ ತುಂಬಿದ ಸಭೆ ತಲೆದೂಗುತ್ತ ಕೇಳುತ್ತದೆ. ಇಂದು ವಾಲಿಯ ಅರ್ಥ ಹೇಳಿದವರು ಮುಂದಿನ ಕೂಟದಲ್ಲಿ ರಾಮನಾಗುತ್ತಾರೆ. ವಿದ್ಯಾರ್ಥಿಗೂ ಹಾಗೆಯೇ, ತಾನೊಪ್ಪದ ಪಕ್ಷವನ್ನು ಹಿಡಿದು ಹತ್ತು ನಿಮಿಷ ವಾದಿಸುವ ಅಭ್ಯಾಸ ಮಾಡಿಸಬೇಕು. ಎದುರಾಳಿಯ ಮಾತನ್ನು ಒಮ್ಮೆ ತನ್ನ ನಾಲಗೆಯಿಂದ ಆಡಿದವನಿಗೆ ಅವನನ್ನು ರಾಕ್ಷಸನೆನ್ನುವುದು ಕಷ್ಟ. ಪರರ ವಿಚಾರ, ಪರರ ಧರ್ಮಗಳನ್ನು ಸಹಿಸುವುದೇ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಸಾರಿದೆ.

2022ರ ಫೆಬ್ರವರಿಯಲ್ಲಿ ಕುಂದಾಪುರದ ಕಾಲೇಜುಗಳ ಬಾಗಿಲಲ್ಲಿ ಹಿಜಾಬು, ಕೇಸರಿ ಶಾಲುಗಳ ವಿವಾದ ತಲೆದೋರಿದ್ದನ್ನು ಬಲ್ಲೆವು. ಅದರ ನ್ಯಾಯ ತೂಗುವುದು ನ್ಯಾಯಾಲಯದ ಕೆಲಸ; ಉಡುಪನ್ನೇ ಉಗ್ರಪಂಥವೆನ್ನುವುದು ಅವಿವೇಕ. ಆದರೆ ಸಹಪಾಠಿಗಳು ಎದುರುಬದುರಾಗಿ ನಿಂತ ಮೇಲೆ, ಅವರು ಮತ್ತೆ ಮಾತಿಗೆ ಕೂಡಬೇಕಾದ ಜಾಗ ತರಗತಿಯೇ.

ಮೂರನೆಯದು ನಾಜೂಕಾದುದು. ಹಳೆಯ ಗೆಳೆಯರನ್ನು ಒಮ್ಮೆಲೆ ತೊರೆಯುವುದು, ಆಟಪಾಠ ಬಿಡುವುದು, ಒಂದು ಜನವನ್ನು ಹುಳುಹುಪ್ಪಟೆಯಂತೆ ಹೀಗಳೆಯುವುದು, ಹಿಂಸೆಯನ್ನು ಹೊಗಳುವುದು ಗಮನಿಸತಕ್ಕ ಲಕ್ಷಣಗಳು. ದೇವರ ಭಕ್ತಿಯಾಗಲಿ ಸರಕಾರದ ಟೀಕೆಯಾಗಲಿ ಲಕ್ಷಣವಲ್ಲ. ಶಿಕ್ಷಕ ಗೂಢಚಾರನಾದರೆ ಮಗು ಬಾಯಿ ಮುಚ್ಚುತ್ತದೆ; ಕಣ್ಣು ಮುಚ್ಚಿಕೊಂಡರೆ ಮಗು ಕೈತಪ್ಪುತ್ತದೆ. ಆದ್ದರಿಂದ ಮೊದಲು ಮಗುವಿನೊಡನೆ ಮಾತು, ಆಮೇಲೆ ಹೆತ್ತವರೊಡನೆ. ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098. ಯಾರಿಗಾದರೂ ಅಪಾಯ ಕಣ್ಣೆದುರಿಗೇ ಇದ್ದರೆ ಮಾತ್ರ ಪೊಲೀಸರಿಗೆ ತಿಳಿಸಲು ತಡಮಾಡಲಾಗದು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ 2007ರಿಂದ ಶಾಲೆ, ಸಮಾಜಸೇವಾ ಇಲಾಖೆ, ಪೊಲೀಸರು ಒಟ್ಟು ಕುಳಿತು, ದಾರಿ ತಪ್ಪುವ ಹುಡುಗನಿಗೆ ಒಬ್ಬ ಮಾರ್ಗದರ್ಶಕನನ್ನು ಜೊತೆಗೊಡುವ ಪದ್ಧತಿ ಬೆಳೆದಿದೆ. ನಮ್ಮಲ್ಲಿಯೂ 2015ರ ಬಾಲನ್ಯಾಯ ಕಾಯಿದೆ, ಮಕ್ಕಳನ್ನು ಸೇರಿಸಿಕೊಳ್ಳುವ ಸಶಸ್ತ್ರ ಗುಂಪಿನವರಿಗೆ 7 ವರ್ಷದವರೆಗೆ ಕಠಿಣ ಸಜೆಯನ್ನೂ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸುತ್ತದೆ. ಅಲ್ಲಿ ಅಪರಾಧಿ ಸೇರಿಸಿಕೊಂಡವನು, ಮಗುವಲ್ಲ. ಈ ದೃಷ್ಟಿ ಶಾಲೆಗೂ ಇರಬೇಕು.

ಕೊನೆಯ ಮಾತು ಮನೆಯವರಿಗೆ. ರೇಡಿಯೋ ವಾರ್ತೆ ಮುಗಿದ ಬಳಿಕ ಜಗಲಿಯಲ್ಲಿ ನಾವಾಡುವ ಮಾತನ್ನು ಮಕ್ಕಳು ಕೇಳುತ್ತಿರುತ್ತಾರೆ. ‘ಆ ಜನವೇ ಹಾಗೆ’ ಎಂದು ರಾತ್ರಿ ಮನೆಯಲ್ಲಿ ಆಡಿದ್ದನ್ನು ಬೆಳಿಗ್ಗೆ ಶಾಲೆಯಲ್ಲಿ ಅಳಿಸುವುದು ಯಾವ ಮೇಷ್ಟರಿಗೂ ಸುಲಭವಲ್ಲ.