ಉರಿ ಆರಿದ ಮೇಲೂ ಬೆಳೆಯುವ ಕಲೆ

ತರಕಾರಿ ಹೆಚ್ಚುವಾಗ ಬೆರಳಿಗೆ ಕತ್ತಿ ತಾಗಿದರೆ ಏನಾಗುತ್ತದೆಂದು ಅಡುಗೆ ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಗೊತ್ತು. ರಕ್ತ ಬರುತ್ತದೆ. ಗಾಯದ ಸುತ್ತ ಕೆಂಪಾಗಿ ಊದಿಕೊಳ್ಳುತ್ತದೆ, ನೋಯುತ್ತದೆ. ಎರಡು ಮೂರು ದಿನಗಳಲ್ಲಿ ಊತ ಇಳಿಯುತ್ತದೆ. ಮುಂದೆ ಗಾಯ ಕೂಡಿಕೊಂಡು ಅಲ್ಲೊಂದು ಸಣ್ಣ ಗೆರೆ ಉಳಿಯುತ್ತದೆ.

ಈ ಪುಟ್ಟ ಘಟನೆಯಲ್ಲಿ ದೇಹದ ಎರಡು ದೊಡ್ಡ ಕೆಲಸಗಳು ಅಡಗಿವೆ. ಮೊದಲು ಬರುವ ಕೆಂಪು, ಊತ, ನೋವನ್ನು ವೈದ್ಯರು ಉರಿಯೂತ ಎನ್ನುತ್ತಾರೆ. ಅದು ರೋಗ ನಿರೋಧಕ ಶಕ್ತಿಯ ಕೆಲಸ. ಬಳಿಕ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್ ಎಂಬ ನಾರನ್ನು ನೇಯ್ದು ಗಾಯವನ್ನು ಹೊಲಿಯುತ್ತವೆ. ಆ ನಾರಿನ ಗಂಟೇ ಕಲೆ. ಕೆಲಸ ಮುಗಿದ ಕೂಡಲೇ ಈ ನೇಕಾರರು ಸುಮ್ಮನಾಗಬೇಕು. ಸುಮ್ಮನಾಗದೆ ನೇಯುತ್ತಲೇ ಹೋದರೆ ಮೃದುವಾಗಿರಬೇಕಾದ ಅಂಗ ಗಡುಸಾಗುತ್ತದೆ, ಕುಗ್ಗುತ್ತದೆ, ಅಂಟಿಕೊಳ್ಳುತ್ತದೆ. ಇದನ್ನೇ ಫೈಬ್ರೋಸಿಸ್ ಎಂದು ಕರೆಯುತ್ತಾರೆ.

ದೇಹದ ನಿರೋಧಕ ಶಕ್ತಿ ದಾರಿ ತಪ್ಪಿ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆಗಳಿಗೆ ಆಟೋ ಇಮ್ಯೂನ್ ಕಾಯಿಲೆಗಳು ಎಂದು ಹೆಸರು. ಇಂಥ ಕೆಲವು ಕಾಯಿಲೆಗಳಲ್ಲಿ ಕಣ್ಣು ಮತ್ತು ಚರ್ಮ ಈ ನಾರಿನ ಹಾವಳಿಗೆ ತುತ್ತಾಗುತ್ತವೆ. ಕೆಂಪು ಇಳಿದರೆ ಕಾಯಿಲೆ ಹೋಯಿತು ಎಂಬ ನಮ್ಮೆಲ್ಲರ ಸಹಜ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ. ಕಳೆದ ಕೆಲವು ವರ್ಷಗಳ ಸಂಶೋಧನೆಗಳು ಒತ್ತಿ ಹೇಳುತ್ತಿರುವುದೂ ಇದನ್ನೇ.

ಕಣ್ಣು ಒಳಗಿಂದ ಅಂಟಿಕೊಂಡಾಗ

ಕಣ್ಣಿನ ಬಿಳಿ ಭಾಗವನ್ನೂ ರೆಪ್ಪೆಯ ಒಳಬದಿಯನ್ನೂ ಒಂದು ತೆಳು, ಒದ್ದೆ ಪದರ ಹೊದ್ದುಕೊಂಡಿದೆ. ಅದಕ್ಕೆ ಕಂಜಂಕ್ಟೈವಾ ಎಂದು ಹೆಸರು. ಕಣ್ಣುಗುಡ್ಡೆ ಸಲೀಸಾಗಿ ತಿರುಗುವುದು, ರೆಪ್ಪೆ ನೋವಿಲ್ಲದೆ ಮಿಟುಕುವುದು ಅದರಿಂದಾಗಿಯೇ. ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್ ಎಂಬ ಕಾಯಿಲೆಯಲ್ಲಿ ನಿರೋಧಕ ಶಕ್ತಿಯು ಈ ಪದರವನ್ನು ಅದರ ಬುಡಕ್ಕೆ ಹಿಡಿದಿಟ್ಟಿರುವ ಪ್ರೊಟೀನುಗಳ ಮೇಲೆ ದಾಳಿ ಮಾಡುತ್ತದೆ. ಬಾಯಿ, ಒಸಡು, ಗಂಟಲು ಮತ್ತು ಚರ್ಮದಲ್ಲೂ ಇದೇ ದಾಳಿ ನಡೆಯಬಹುದು. ಹೆಚ್ಚಾಗಿ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆ ಇದು. ಬ್ರಿಟನ್ನಿನ ಲೆಕ್ಕದಂತೆ ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರ ಕಣ್ಣಿಗೆ ಮಾತ್ರ ಇದು ಹೊಸದಾಗಿ ತಗಲುತ್ತದೆ.

ಆರಂಭದಲ್ಲಿ ಎಲ್ಲರಿಗೂ ಬರುವ ಕೆಂಗಣ್ಣಿನಂತೆಯೇ ತೋರುತ್ತದೆ. ಕೆಂಪು, ಉರಿ, ಮರಳು ಬಿದ್ದಂತೆ ಚುಚ್ಚುವಿಕೆ. ಒಂದು ಕಣ್ಣಿನಲ್ಲಿ ತೊಡಗಿ ಮತ್ತೊಂದಕ್ಕೂ ಬರುತ್ತದೆ. ಮೆಡಿಕಲ್ ಅಂಗಡಿಯಿಂದ ತಂದ ಡ್ರಾಪ್ಸ್ ಹಾಕಿದಾಗ ಸ್ವಲ್ಪ ತಗ್ಗಿದಂತೆ ಕಾಣುತ್ತದೆ. ಆದರೆ ಒಳಗೆ ನಾರು ಬೆಳೆಯುತ್ತಿರುತ್ತದೆ. ಕೆಳರೆಪ್ಪೆಯನ್ನು ಎಳೆದರೆ ಕಾಣುವ ಚೀಲದಂಥ ಜಾಗ ಮೆಲ್ಲನೆ ಕುಗ್ಗುತ್ತದೆ. ಆಮೇಲೆ ರೆಪ್ಪೆ ಮತ್ತು ಕಣ್ಣುಗುಡ್ಡೆಯ ನಡುವೆ ಎಳೆಗಳು ಮೂಡಿ ಎರಡನ್ನೂ ಅಂಟಿಸುತ್ತವೆ. ರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲುಗಳು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಗಾಜನ್ನು ಉಜ್ಜುತ್ತವೆ. ಕಣ್ಣೀರು ಬತ್ತುತ್ತದೆ. ಗಾಜು ಮಸುಕಾಗುತ್ತದೆ. ಕೊನೆಯ ಹಂತದಲ್ಲಿ ರೆಪ್ಪೆಗಳೇ ಅಂಟಿಕೊಂಡು ದೃಷ್ಟಿ ಹೋಗುತ್ತದೆ. ಒಮ್ಮೆ ಹೀಗಾದ ಕಣ್ಣಿಗೆ ಮೊದಲಿನ ಸ್ಥಿತಿ ತಂದುಕೊಡುವುದು ಬಹಳ ಕಷ್ಟ.

ಡ್ಯಾಪ್ಸೋನ್, ಮೈಕೋಫಿನೋಲೇಟ್, ಸೈಕ್ಲೋಫಾಸ್ಫಮೈಡ್, ರಿಟಕ್ಸಿಮ್ಯಾಬ್ ಮುಂತಾದ ಮದ್ದುಗಳಿಂದ ನಿರೋಧಕ ಶಕ್ತಿಯನ್ನು ತಗ್ಗಿಸಿ ಉರಿಯೂತವನ್ನು ಹತೋಟಿಗೆ ತರುತ್ತಾರೆ. ಅನೇಕರ ಕಣ್ಣು ಉಳಿದಿರುವುದು ಇದರಿಂದಲೇ. ಆದರೆ ವೈದ್ಯರನ್ನು ಬಹುಕಾಲ ಕಾಡಿದ ಒಂದು ಸಂಗತಿಯಿದೆ. ಕಣ್ಣು ಬಿಳಿಯಾಗಿ, ಶಾಂತವಾಗಿ ಕಾಣುವ ಕೆಲವು ರೋಗಿಗಳಲ್ಲೂ ಕಲೆ ಬೆಳೆಯುತ್ತಲೇ ಇರುತ್ತದೆ.

ಬೆಂಕಿಯಿಲ್ಲದೆಯೂ ನೇಯುವ ಕೋಶಗಳು

ಈ ಒಗಟಿನ ಬೆನ್ನು ಹತ್ತಿದವರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ಮತ್ತು ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪ್ರಮುಖರು. ಕಣ್ಣಿನ ತಜ್ಞ ಜಾನ್ ಡಾರ್ಟ್ ಅವರ ಜೊತೆ ಚರ್ಮ ಗಡುಸಾಗುವ ಸ್ಕ್ಲೀರೋಡರ್ಮಾ ಕಾಯಿಲೆಯನ್ನು ಅಭ್ಯಸಿಸುವ ಡೇವಿಡ್ ಅಬ್ರಹಾಂ ಕೂಡ ಈ ಕೆಲಸದಲ್ಲಿ ಸೇರಿಕೊಂಡರು. ಕಣ್ಣು ಮತ್ತು ಚರ್ಮ ಬೇರೆ ಬೇರೆಯಾದರೂ ನಾರು ನೇಯುವ ಕೋಶ ಒಂದೇ ಬಗೆಯದ್ದು ಎಂಬುದೇ ಈ ಒಡನಾಟಕ್ಕೆ ಕಾರಣ.

ರೋಗಿಗಳ ಕಣ್ಣಿನಿಂದ ತೆಗೆದ ಸಣ್ಣ ತುಣುಕುಗಳಿಂದ ಫೈಬ್ರೋಬ್ಲಾಸ್ಟ್‌ಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರು. ಅಲ್ಲಿ ರಕ್ತವಿಲ್ಲ, ದಾಳಿ ಮಾಡುವ ನಿರೋಧಕ ಕೋಶಗಳೂ ಇಲ್ಲ. ಉರಿಯೂತದ ಸುಳಿವೇ ಇಲ್ಲದ ಆ ತಟ್ಟೆಯಲ್ಲೂ ರೋಗಿಯ ಕೋಶಗಳು ಹಳೆಯ ಚಾಳಿಯನ್ನು ಬಿಡಲಿಲ್ಲವೆಂದು 2011ರಲ್ಲಿ ಪ್ರಕಟವಾದ ವರದಿ ತೋರಿಸಿತು. ಒಮ್ಮೆ ಕೆರಳಿದ ನೇಕಾರನಿಗೆ ಮುಂದೆ ಯಾರೂ ಆಜ್ಞೆ ಕೊಡಬೇಕಾಗಿಲ್ಲ ಎಂದಾಯಿತು.

ಹಾಗಾದರೆ ಅವುಗಳನ್ನು ಓಡಿಸುತ್ತಿರುವುದು ಯಾವುದು? 2016ರಲ್ಲಿ ಜೆಸಿಐ ಇನ್‌ಸೈಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ತಂಡ ಒಂದು ಉತ್ತರ ಕೊಟ್ಟಿತು. ರೋಗಿಗಳ ಕಣ್ಣಿನ ಪದರದಲ್ಲೂ ಫೈಬ್ರೋಬ್ಲಾಸ್ಟ್‌ಗಳಲ್ಲೂ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅಳತೆ ಮೀರಿ ಇತ್ತು. ಈ ಕಿಣ್ವ ವಿಟಮಿನ್ ಎ ಯಿಂದ ಬರುವ ವಸ್ತುವನ್ನು ರೆಟಿನೋಯಿಕ್ ಆಮ್ಲವಾಗಿ ಬದಲಿಸುತ್ತದೆ. ಆರೋಗ್ಯವಂತರ ಕೋಶಗಳಿಗೆ ಈ ಆಮ್ಲವನ್ನು ಹಾಕಿದಾಗ ಅವೂ ರೋಗಿಯ ಕೋಶಗಳಂತೆಯೇ ವರ್ತಿಸತೊಡಗಿದವು. ಅಂದರೆ ಕೋಶ ತಾನೇ ತಯಾರಿಸಿದ ಆಮ್ಲದಿಂದ ತಾನೇ ಕೆರಳುತ್ತಿದೆ. ಒಲೆಯೊಂದು ತನಗೆ ಬೇಕಾದ ಸೌದೆಯನ್ನು ತಾನೇ ಹುಟ್ಟಿಸಿಕೊಂಡಂತೆ.

ಕುಡಿತ ಬಿಡಿಸುವ ಮಾತ್ರೆಯ ಹೊಸ ಕೆಲಸ

ಈ ಕಿಣ್ವವನ್ನು ತಡೆಯುವ ಔಷಧಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಅದು ಹಲವು ದಶಕಗಳಿಂದ ಮಾರುಕಟ್ಟೆಯಲ್ಲಿದೆ. ಅದರ ಹೆಸರು ಡೈಸಲ್ಫಿರಾಂ. ಕುಡಿತದ ಚಟ ಬಿಡಿಸಲು ಕೊಡುವ ಮಾತ್ರೆ.

ಅದರ ಕಥೆಯೂ ಸ್ವಾರಸ್ಯಕರ. ರಬ್ಬರ್ ಉದ್ಯಮದಲ್ಲಿ ಬಳಸುತ್ತಿದ್ದ ಈ ರಾಸಾಯನಿಕವನ್ನು 1940ರ ದಶಕದಲ್ಲಿ ಡೆನ್ಮಾರ್ಕಿನ ಜೆನ್ಸ್ ಹಾಲ್ಡ್ ಮತ್ತು ಎರಿಕ್ ಜಾಕಬ್ಸನ್ ತಮ್ಮ ಮೇಲೆಯೇ ಪ್ರಯೋಗಿಸಿ ನೋಡಿದ್ದರು. ಅದನ್ನು ಸೇವಿಸಿದ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಕರಿಕೆ ಬರುವುದು ಅವರ ಅನುಭವಕ್ಕೆ ಬಂತು. ಮದ್ಯ ದೇಹದಲ್ಲಿ ಕರಗುವಾಗ ಹುಟ್ಟುವ ವಿಷವಸ್ತುವನ್ನು ತೆಗೆದುಹಾಕುವ ಕಿಣ್ವವನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಕಣ್ಣಿನ ನಾರಿನ ಹಿಂದಿರುವುದೂ ಅದೇ ಕಿಣ್ವಗಳ ಕುಟುಂಬ.

ಲಂಡನ್ ತಂಡ ರೋಗಿಗಳ ಕೋಶಗಳಿಗೆ ಡೈಸಲ್ಫಿರಾಂ ಹಾಕಿದಾಗ ಅವು ಆರೋಗ್ಯವಂತರ ಕೋಶಗಳಂತೆ ಶಾಂತವಾದವು. ಕಣ್ಣಿನಲ್ಲಿ ಇಂಥದ್ದೇ ಕಲೆ ಮೂಡಿಸಿದ ಇಲಿಗಳಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇನಿಯಲ್ ಸಬಾನ್ ಅವರ ಸಹಯೋಗದಲ್ಲಿ ಅದನ್ನು ಕಣ್ಣಿಗೇ ಹಾಕಿ ನೋಡಿದಾಗ ನಾರು ಕಡಿಮೆಯಾಯಿತು. ತಟ್ಟೆಯಿಂದ, ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದವಾದುದು. ಆದ್ದರಿಂದ ಯಾರೂ ಈ ಮಾತ್ರೆಯನ್ನು ತಾವಾಗಿಯೇ ತರಿಸಿ ನುಂಗಬಾರದು. ಯಕೃತ್ತು ಮತ್ತು ನರಗಳಿಗೆ ಹಾನಿ ಮಾಡಬಲ್ಲ ಔಷಧಿ ಅದು. ಆದರೆ ಬೆಂಕಿ ಆರಿಸುವುದರ ಜೊತೆಗೆ ನೇಕಾರನನ್ನೂ ನಿಲ್ಲಿಸಬಹುದು ಎಂಬ ಭರವಸೆಯನ್ನು ಈ ಸಂಶೋಧನೆ ಹುಟ್ಟಿಸಿದೆ.

ಚರ್ಮ ಬಿಗಿಯಾದಾಗ

ಇದೇ ಕಥೆಯ ಇನ್ನೊಂದು ರೂಪ ಸ್ಕ್ಲೀರೋಡರ್ಮಾ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಗಡುಸು ಚರ್ಮ ಎಂದರ್ಥ. ಇದಕ್ಕೆ ತುತ್ತಾಗುವವರಲ್ಲಿ ಹೆಂಗಸರೇ ಹೆಚ್ಚು, ಅದೂ ಮನೆ ಮಕ್ಕಳ ಹೊಣೆ ಹೆಗಲ ಮೇಲಿರುವ ನಡುವಯಸ್ಸಿನಲ್ಲಿ.

ಮೊದಲ ಸೂಚನೆ ಬರುವುದು ಹೆಚ್ಚಾಗಿ ಬೆರಳುಗಳಲ್ಲಿ. ತಣ್ಣೀರಿಗೆ ಕೈ ಹಾಕಿದಾಗ, ಫ್ರಿಜ್‌ನಿಂದ ಮೀನು ತೆಗೆದಾಗ, ಚಳಿಗಾಲದ ಮುಂಜಾನೆ ವುಝೂ ಮಾಡುವಾಗ ಬೆರಳುಗಳು ಸುಣ್ಣದಂತೆ ಬಿಳಿಯಾಗಿ, ನೀಲಿಯಾಗಿ, ಬಳಿಕ ಕೆಂಪಾಗುತ್ತವೆ. ಇದಕ್ಕೆ ರೇನೋ ಎಂದು ಹೆಸರು. ಹೀಗಾಗುವ ಹೆಚ್ಚಿನವರಿಗೆ ಬೇರೆ ಯಾವ ಕಾಯಿಲೆಯೂ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಆದರೆ ಜೊತೆಗೆ ಬೆರಳುಗಳು ಊದಿ ಉಂಗುರ ತೆಗೆಯಲಾಗದಿದ್ದರೆ, ಚರ್ಮ ಹೊಳಪೇರಿ ಬಿಗಿಯತೊಡಗಿದರೆ, ಬಾಯಿ ಪೂರ್ತಿ ತೆರೆಯಲು ಕಷ್ಟವಾದರೆ ತಡಮಾಡುವಂತಿಲ್ಲ. 2021ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನದಲ್ಲಿ ರೇನೋ ಜೊತೆಗೆ ಊದಿದ ಬೆರಳು ಮತ್ತು ರಕ್ತದಲ್ಲಿ ಈ ಕಾಯಿಲೆಗೇ ವಿಶಿಷ್ಟವಾದ ಪ್ರತಿಕಾಯ ಎರಡೂ ಇದ್ದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಐದು ವರ್ಷಗಳೊಳಗೆ ಸ್ಕ್ಲೀರೋಡರ್ಮಾ ಕಾಣಿಸಿಕೊಂಡಿತ್ತು.

ಈ ಕಾಯಿಲೆಯನ್ನು ಅಳೆಯುವ ಬಗೆ ಸರಳವಾದುದು. ದೇಹದ 17 ಜಾಗಗಳಲ್ಲಿ ವೈದ್ಯರು ಚರ್ಮವನ್ನು ಬೆರಳುಗಳ ನಡುವೆ ಹಿಡಿದು ಅದರ ದಪ್ಪಕ್ಕೆ ಸೊನ್ನೆಯಿಂದ 3ರ ವರೆಗೆ ಅಂಕ ಕೊಡುತ್ತಾರೆ. ಆದರೆ ನಿಜವಾದ ಅಪಾಯವಿರುವುದು ಒಳಗೆ. ಅದೇ ನಾರು ಶ್ವಾಸಕೋಶದಲ್ಲಿ ಬೆಳೆದರೆ ಉಸಿರು ಕಟ್ಟುತ್ತದೆ. ಮೂತ್ರಪಿಂಡದ ರಕ್ತನಾಳಗಳು ಕೆಟ್ಟರೆ ರಕ್ತದೊತ್ತಡ ತಟ್ಟನೆ ಏರಿ ಜೀವಕ್ಕೇ ಅಪಾಯ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗಳು ಈ ಮೂತ್ರಪಿಂಡದ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಮೈಕೈ ನೋವಿಗೆಂದು ಯಾರೋ ಹೇಳಿದ ಸ್ಟೀರಾಯ್ಡ್ ನುಂಗುವವರು ಇದನ್ನು ನೆನಪಿಡಬೇಕು.

2019ರಲ್ಲಿ ನಿಂಟೆಡಾನಿಬ್ ಎಂಬ ನಾರು ತಡೆಯುವ ಮದ್ದನ್ನು ಶ್ವಾಸಕೋಶಕ್ಕೂ ಕಾಯಿಲೆ ತಗಲಿದ್ದ 576 ಸ್ಕ್ಲೀರೋಡರ್ಮಾ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಮದ್ದು ತೆಗೆದುಕೊಳ್ಳದವರ ಶ್ವಾಸಕೋಶದ ಸಾಮರ್ಥ್ಯ ವರ್ಷಕ್ಕೆ ಸುಮಾರು 93 ಮಿಲಿಲೀಟರ್ ಕುಸಿದರೆ ತೆಗೆದುಕೊಂಡವರಲ್ಲಿ ಅದು ಸುಮಾರು 52 ಮಿಲಿಲೀಟರ್. ಕುಸಿತ ನಿಧಾನವಾಯಿತು, ನಿಲ್ಲಲಿಲ್ಲ. ಚರ್ಮದ ಬಿಗಿತದಲ್ಲಂತೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ದಾರಿ ಜರ್ಮನಿಯ ಎರ್ಲಾಂಗನ್‌ನಿಂದ ಬಂದಿದೆ. ಅಲ್ಲಿ ಗಿಯೋರ್ಗ್ ಶೆಟ್ ಅವರ ತಂಡ ರೋಗಿಯದೇ ರಕ್ತದಿಂದ ನಿರೋಧಕ ಕೋಶಗಳನ್ನು ತೆಗೆದು, ಪ್ರತಿಕಾಯ ತಯಾರಿಸುವ ಕೋಶಗಳನ್ನು ಹುಡುಕಿ ನಾಶಮಾಡುವಂತೆ ಅವುಗಳನ್ನು ತಿದ್ದಿ ಮತ್ತೆ ದೇಹಕ್ಕೆ ಸೇರಿಸಿತು. 2024ರಲ್ಲಿ ಪ್ರಕಟವಾದ ವರದಿಯಲ್ಲಿ 15 ರೋಗಿಗಳಿದ್ದರು. ಅವರಲ್ಲಿ ನಾಲ್ವರಿಗೆ ಸ್ಕ್ಲೀರೋಡರ್ಮಾ ಇತ್ತು. ನಿರೋಧಕ ಶಕ್ತಿ ತಗ್ಗಿಸುವ ಮದ್ದುಗಳನ್ನು ಎಲ್ಲರಿಗೂ ನಿಲ್ಲಿಸಲು ಸಾಧ್ಯವಾಯಿತು. ಸಂಖ್ಯೆ ಸಣ್ಣದು, ಖರ್ಚು ದೊಡ್ಡದು. ಆದರೂ ಇದು ದೊಡ್ಡ ಹೆಜ್ಜೆ.

ಮನೆಯವರು ಗಮನಿಸಬೇಕಾದುದು

ಇವೆಲ್ಲವೂ ಅಪರೂಪದ ಕಾಯಿಲೆಗಳು. ಕಣ್ಣು ಕೆಂಪಾದ ಪ್ರತಿಯೊಬ್ಬರೂ, ಬೆರಳು ಬಿಳಿಯಾದ ಪ್ರತಿಯೊಬ್ಬರೂ ಹೆದರಬೇಕಾಗಿಲ್ಲ. ಆದರೆ ಬೆಳೆದುಬಿಟ್ಟ ನಾರನ್ನು ಪೂರ್ತಿ ಕರಗಿಸುವ ಮದ್ದು ಕೈಗೆ ಬಂದಿಲ್ಲವಾದ್ದರಿಂದ, ಬೆಳೆಯುವ ಮೊದಲೇ ತಡೆಯುವುದೊಂದೇ ನಮ್ಮ ಕೈಯಲ್ಲಿರುವುದು.

ವಾರಗಟ್ಟಲೆ ಕೆಂಪಾಗಿಯೇ ಉಳಿಯುವ ಕಣ್ಣು, ಮತ್ತೆ ಮತ್ತೆ ಒಳಕ್ಕೆ ತಿರುಗುವ ರೆಪ್ಪೆಗೂದಲು, ಸುಲಿದಂತಾಗಿ ರಕ್ತ ಒಸರುವ ಒಸಡು ಇವು ಒಟ್ಟಿಗೆ ಕಂಡರೆ ಕಣ್ಣಿನ ತಜ್ಞರಲ್ಲಿಗೆ ಹೋಗಿ. ಬಾಯಿಯ ತೊಂದರೆಯನ್ನೂ ಅವರಿಗೆ ತಿಳಿಸಿ. ಎರಡರ ನಡುವೆ ಸಂಬಂಧವಿದೆಯೆಂದು ನಮಗೆ ಹೊಳೆಯುವುದಿಲ್ಲ, ವೈದ್ಯರಿಗೆ ಹೊಳೆಯುತ್ತದೆ.

ಮನೆಯ ಹಿರಿಯರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸುವ ಮೊದಲು ಇಂಥ ಲಕ್ಷಣಗಳಿದ್ದರೆ ಖಂಡಿತ ಹೇಳಿ. ಒಳಗೆ ಪೆಂಫಿಗಾಯ್ಡ್ ಇದ್ದು ಅದು ಹತೋಟಿಯಲ್ಲಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಅದನ್ನು ಕೆರಳಿಸಬಹುದು.

ಸ್ಟೀರಾಯ್ಡ್ ಇರುವ ಡ್ರಾಪ್ಸ್‌ಗಳನ್ನು ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಾಕಬೇಡಿ. ಕೆಂಪು ಮಾಯವಾಗುತ್ತದೆ, ನಾರು ನಿಲ್ಲುವುದಿಲ್ಲ. ಮೇಲಾಗಿ ಗ್ಲಾಕೋಮಾ, ಪೊರೆಯಂಥ ಹೊಸ ತೊಂದರೆಗಳು ಸೇರಿಕೊಳ್ಳುತ್ತವೆ.

ರೇನೋ ಇರುವವರು ಬಿಸಿನೀರಿನಲ್ಲಿ ವುಝೂ ಮಾಡಲಿ, ಪಾತ್ರೆ ತೊಳೆಯಲಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಆ ಹೊಗೆಯಿಂದಲೂ ದೂರವಿರಲಿ. ತಂಬಾಕು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಹಿಂಡುತ್ತದೆ.

ಚಿಕಿತ್ಸೆ ಪಡೆಯುತ್ತಿರುವವರು ಕಣ್ಣು ಬಿಳಿಯಾಯಿತೆಂದು, ಬೆರಳಿನ ಊತ ಇಳಿಯಿತೆಂದು ಮಾತ್ರೆ ನಿಲ್ಲಿಸಬಾರದು. ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದಂತೂ ಅಪಾಯಕಾರಿ. ರಮಝಾನ್ ಬಂದಾಗ ಮದ್ದಿನ ಹೊತ್ತನ್ನು ಹೇಗೆ ಬದಲಿಸಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂಬುದನ್ನು ಮನೆಯವರೂ ನೆನಪಿಡಲಿ.

ನಮ್ಮ ಮನೆಗಳಲ್ಲಿ ತಾಯಂದಿರು ಮಕ್ಕಳ ಕೆಮ್ಮಿಗೆ ರಾತ್ರಿಯೇ ಆಸ್ಪತ್ರೆಗೆ ಓಡುತ್ತಾರೆ. ತಮ್ಮ ಕಣ್ಣಿನ ಉರಿಯನ್ನು, ಬೆರಳಿನ ಬಿಗಿತವನ್ನು ಮಾತ್ರ ಮದುವೆ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತಾರೆ. ಫೈಬ್ರೋಬ್ಲಾಸ್ಟ್‌ಗೆ ಮದುವೆಯೂ ಗೊತ್ತಿಲ್ಲ, ಪರೀಕ್ಷೆಯೂ ಗೊತ್ತಿಲ್ಲ. ಅದು ನೇಯುತ್ತಲೇ ಇರುತ್ತದೆ. ಆದ್ದರಿಂದ ಅಮ್ಮ ದೂರದೆ ಸಹಿಸಿಕೊಳ್ಳುತ್ತಿದ್ದಾರೆಂದು ಕಂಡರೆ, ಅವರನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಮನೆಯ ಉಳಿದವರದ್ದು.